ಸ್ಟಾರ್ಟ್ ಆಗದ ಬೈಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತರುತ್ತವೆ: ನಿನ್ನೆಯವರೆಗೆ ಸರಿಯಾಗಿದ್ದ ಬೈಕು ಇಂದು ಏನು ಮಾಡಿದರೂ ಸ್ಟಾರ್ಟ್ ಆಗುತ್ತಿಲ್ಲ. ಪತ್ರ ಬರೆದವರಲ್ಲಿ ಹಲವರು ಅದಾಗಲೇ ಒಂದೆರಡು ಬಿಡಿಭಾಗಗಳನ್ನು ಬದಲಿಸಿ, ಹಣ ಕಳೆದುಕೊಂಡು, ಆಮೇಲೆ ನಮ್ಮನ್ನು ಕೇಳಿದ್ದಾರೆ. ಆ ಕ್ರಮವನ್ನು ತಿರುಗಿಸಿ, ಮೊದಲು ಪರೀಕ್ಷೆ, ಆಮೇಲೆ ಖರ್ಚು ಎಂದು ಇಟ್ಟುಕೊಳ್ಳಬೇಕೆಂಬ ಉದ್ದೇಶದಿಂದ ಈ ಸಲ ಇದೇ ವಿಷಯದ ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 100 ಸಿಸಿಯ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ, 2016ರ ಬೈಕು. ಜಡಿಮಳೆಯ ಕಾರಣ ಎರಡು ವಾರ ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನಡಿ ನಿಲ್ಲಿಸಿದ್ದೆ. ಈಗ ಕಾಲು ಸೋಲುವವರೆಗೆ ಕಿಕ್ ಹೊಡೆದರೂ ಎಂಜಿನ್ ಹತ್ತಿಕೊಳ್ಳುತ್ತಿಲ್ಲ. ಪೇಟೆಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಸಿ.ಡಿ.ಐ. (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಹೊಸದು ಹಾಕಬೇಕು ಎಂದರು. ಗಾಡಿಯನ್ನು ಜೀಪಿನಲ್ಲಿ ಸಾಗಿಸುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತ ನೋಡಬಹುದು. ಸಿ.ಡಿ.ಐ. ಕೆಡುವುದೇ ಇಲ್ಲವೆಂದಲ್ಲ, ಆದರೆ ಓಡುತ್ತಿದ್ದ ಬೈಕನ್ನು ನಿಲ್ಲಿಸಿ, ಎರಡು ವಾರ ಮಳೆಗಾಳಿಗೆ ಬಿಟ್ಟಾಗ ಅನುಮಾನ ಪಡಬೇಕಾದ ವಸ್ತುಗಳ ಸಾಲಿನಲ್ಲಿ ಅದು ಬಹಳ ಹಿಂದಿದೆ. ಗಾಡಿಯನ್ನು ಕಣ್ಣಿನಿಂದ ನೋಡದೆ ಫೋನಿನಲ್ಲೇ ಅದರ ಹೆಸರು ಹೇಳಿದ್ದು ನಮಗೆ ಸರಿ ಕಾಣಲಿಲ್ಲ.

ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಬೇಕಾದರೆ ಸರಿಯಾದ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಮತ್ತು ಗಾಳಿ ಬೇಕು, ಸರಿಯಾದ ಗಳಿಗೆಯಲ್ಲಿ ಕಿಡಿ ಬೇಕು, ಸಿಲಿಂಡರಿನಲ್ಲಿ ಒತ್ತಡ ಬೇಕು. ಚೆನ್ನಾಗಿ ಓಡುತ್ತಿದ್ದ ಎಂಜಿನ್ ನಿಂತಲ್ಲೇ ಎರಡು ವಾರದಲ್ಲಿ ಒತ್ತಡ ಕಳೆದುಕೊಳ್ಳುವುದು ಅಪರೂಪ. ಕಿಕ್ ಹೊಡೆಯುವಾಗ ಪಾದಕ್ಕೆ ಎಂದಿನ ಬಿಗಿ ತಾಗುತ್ತಿದ್ದರೆ ಆ ಮೂರನೆಯದನ್ನು ಸದ್ಯಕ್ಕೆ ಬಿಟ್ಟು, ಪೆಟ್ರೋಲ್ ಮತ್ತು ಕಿಡಿ ಇವೆರಡರಲ್ಲಿ ಯಾವುದು ತಪ್ಪಿದೆ ಎಂಬುದನ್ನಷ್ಟೇ ಹುಡುಕಬೇಕು.

ಮೊದಲು ಪೆಟ್ರೋಲ್. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಟ್ಯಾಪ್ ಆಫ್ ಆಗಿಲ್ಲವಷ್ಟೇ, ರಿಸರ್ವಿಗೆ ತಿರುಗಿಸಿ ನೋಡಿದ್ದೀರಾ ಎಂದು ಕೇಳುವುದು ಬಾಲಿಶವೆನಿಸಬಹುದು, ಆದರೂ ಕೇಳಲೇಬೇಕು. ಬಳಿಕ ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಅದರ ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಬಿಟ್ಟು ಟ್ಯಾಪ್ ತೆರೆಯಿರಿ. ಬಯಲಿನಲ್ಲಿ, ಬೀಡಿ, ದೀಪ, ಒಲೆ ಯಾವುದೂ ಹತ್ತಿರವಿಲ್ಲದ ಕಡೆ ಈ ಕೆಲಸ ಮಾಡಬೇಕು. ಪೆಟ್ರೋಲ್ ತಡೆಯಿಲ್ಲದೆ ಧಾರೆಯಾಗಿ ಸುರಿಯಬೇಕು. ತೊಟ್ಟಿಕ್ಕುತ್ತಿದ್ದರೆ ಟ್ಯಾಪಿನ ಜಾಲರಿಯಲ್ಲಿ ತುಕ್ಕು ಅಥವಾ ಕಸ ಕಟ್ಟಿದೆ ಎಂದರ್ಥ. ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಎತ್ತಿ ನೋಡಿ. ತಳದಲ್ಲಿ ಬೇರೆಯದೇ ಒಂದು ಪದರ ಕಂಡರೆ ಅದು ನೀರು. ಟ್ಯಾಂಕಿನ ಮುಚ್ಚಳದ ರಬ್ಬರು ಸವೆದಿದ್ದರೆ ಮಲೆನಾಡಿನ ಮಳೆಗೆ ಒಳಗಿಳಿಯಲು ಅಷ್ಟೇ ಸಾಕು. ಜೊತೆಗೆ, ಈಗ ನಮಗೆ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರು ಕಾಣದಂತೆ ಬೆರೆತೇ ಇರುತ್ತದೆ, ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಪೈಪು ಹೋಗುವುದು ತಳದಿಂದಲೇ ಆದ್ದರಿಂದ ಎಂಜಿನ್ನಿಗೆ ಮೊದಲು ಸಿಗುವುದೂ ಅದೇ. ಹಾಗೆ ಆಗಿದ್ದರೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಕಾರ್ಬುರೇಟರಿನ ಅಡಿಯ ಬಟ್ಟಲಿನಲ್ಲಿರುವ ಡ್ರೈನ್ ಸ್ಕ್ರೂವನ್ನು ಸಡಿಲಿಸಿ ಹಳೆಯದನ್ನು ಹರಿಯಬಿಟ್ಟು, ಹೊಸ ಪೆಟ್ರೋಲ್ ಹಾಕಬೇಕು. ಆ ಸ್ಕ್ರೂವನ್ನು ಮರಳಿ ಬಿಗಿಯುವಾಗ ಬಲ ಹಾಕಬೇಡಿ, ಅದರ ಸುರುಳಿ ಗೆರೆ (ಮರೆ) ಬೇಗ ಸವೆಯುತ್ತದೆ.

ಆಮೇಲೆ ಕಿಡಿ. ಪ್ಲಗ್ ಕ್ಯಾಪನ್ನು ಎಳೆದು ತೆಗೆದು, ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಒರೆಸಿ (ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ), ಬೈಕಿನ ಜೊತೆ ಬಂದ ಪ್ಲಗ್ ಸ್ಪ್ಯಾನರಿನಿಂದ ಪ್ಲಗ್ ಬಿಚ್ಚಿ. ಅಷ್ಟು ಕಿಕ್ ಹೊಡೆದ ಮೇಲೂ ಅದರ ತುದಿ ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ತಲುಪುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣ ಮಸಿ ಹಿಡಿದಿದ್ದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ, ಏರ್ ಫಿಲ್ಟರ್ ನೋಡಬೇಕು. ಆಯಿಲ್ ಜಿಡ್ಡಿದ್ದರೆ ಪಿಸ್ಟನ್ನಿನ ರಿಂಗುಗಳ ವಿಚಾರ, ಅದು ಮನೆಯ ಕೆಲಸವಲ್ಲ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ.

ಪ್ಲಗ್ಗನ್ನು ಒರೆಸಿ ಮತ್ತೆ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ಗಟ್ಟಿಯಾಗಿ ತಾಗುವಂತೆ ಇರಿಸಿ, ಕೀ ಆನ್ ಮಾಡಿ ಇನ್ನೊಬ್ಬರಿಂದ ಕಿಕ್ ಹೊಡೆಸಿ. ಪ್ಲಗ್ಗಿನ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಕಿಡಿಯನ್ನು ಅದರಿಂದ ದೂರದಲ್ಲೇ ಹಾರಿಸಬೇಕು, ಏಕೆಂದರೆ ಆ ರಂಧ್ರದಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ಪ್ಲಗ್ಗನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಇಟ್ಟು ಕಿಕ್ ಹೊಡೆದರೆ, ಸರಿಯಿದ್ದ ಸಿ.ಡಿ.ಐ. ಕೂಡ ಕೆಡಬಹುದು. ನೆರಳಿನಲ್ಲಿ ನೋಡಿದಾಗ ನೀಲಿ ಕಿಡಿ ಚಟ್ ಎಂದು ಹಾರಿದರೆ ಸರಿ. ಕೆಂಪಗೆ ಎಳೆಯಾಗಿ ಮಿನುಗಿದರೆ ದುರ್ಬಲ.

ಕಿಡಿ ಇಲ್ಲವಾದರೆ ಮೊದಲು ನೋಡಬೇಕಾದದ್ದು ಪ್ಲಗ್ ಕ್ಯಾಪ್. ಅದನ್ನು ತಿರುಗಿಸಿದರೆ ವೈರಿನಿಂದ ಬಿಚ್ಚಿಕೊಳ್ಳುತ್ತದೆ. ವೈರಿನ ತುದಿಯ ತಾಮ್ರ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ, ಹೊಸ ತುದಿಗೆ ಕ್ಯಾಪನ್ನು ಬಿಗಿಯಾಗಿ ತಿರುಗಿಸಿ ಹಾಕಿ. ಮಳೆಯಲ್ಲಿ ನಿಂತ ಬೈಕುಗಳಲ್ಲಿ ತೊಂದರೆ ಇಲ್ಲಿಯೇ ಮುಗಿಯುವುದುಂಟು. ಹೊಸ ಪ್ಲಗ್ ಹಾಕಿ ನೋಡುವುದೂ ದುಬಾರಿಯಲ್ಲ. ಆಗಲೂ ಕಿಡಿ ಬಾರದಿದ್ದರೆ ಇನ್ನೊಂದು ಪರೀಕ್ಷೆಯಿದೆ. ಈ ಬಗೆಯ ಹಲವು ಬೈಕುಗಳಲ್ಲಿ ಕೀ ಆಫ್ ಮಾಡಿದಾಗ ಸಿ.ಡಿ.ಐ.ಯ ಒಂದು ವೈರು ಅರ್ತ್ ಆಗಿ ಎಂಜಿನ್ ಆರುತ್ತದೆ. ಕೀ ಹಾಕುವ ಲಾಕಿನೊಳಗೆ ನೀರು ನಿಂತರೆ, ಕೀ ಆನ್ ಇದ್ದಾಗಲೂ ಆ ವೈರು ಅರ್ತ್ ಆಗಿಯೇ ಉಳಿದು ಕಿಡಿಯನ್ನು ತಡೆಯಬಹುದು. ಹೆಡ್‌ಲೈಟಿನ ಹಿಂದೆ ಲಾಕಿನಿಂದ ಬರುವ ವೈರುಗಳನ್ನು ಜೋಡಿಸುವ ಕಪ್ಲರನ್ನು ಬಿಚ್ಚಿ ಕಿಕ್ ಹೊಡೆದಾಗ ಕಿಡಿ ಬಂದರೆ ತಪ್ಪು ಲಾಕಿನದು, ಸಿ.ಡಿ.ಐ.ಯದಲ್ಲ. ಹಾಗೆ ಎಂಜಿನ್ ಹತ್ತಿಕೊಂಡಾಗ ಕೀಯಿಂದ ಆರಿಸಲಾಗದು, ಕಪ್ಲರನ್ನು ಮರಳಿ ಜೋಡಿಸಬೇಕು ಎಂಬುದು ನೆನಪಿರಲಿ.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ, ಪ್ಲಗ್ ರಂಧ್ರದಲ್ಲಿ ಐದಾರು ಹನಿ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು, ಕಿಕ್ ಹೊಡೆಯಿರಿ. ಎಂಜಿನ್ ಒಂದೆರಡು ಸೆಕೆಂಡು ಗುರ್ ಎಂದು ಆರಿದರೆ ಕಿಡಿಯ ಬಗ್ಗೆ ಚಿಂತೆ ಬಿಡಬಹುದು. ಕಾರ್ಬುರೇಟರಿನ ಪೈಲಟ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡು) ಕಟ್ಟಿಕೊಂಡಿದೆ, ಅದನ್ನು ಬಿಚ್ಚಿ ಊದಿ ತೊಳೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕಿಡಿ ಬರುತ್ತಿಲ್ಲವೆಂದರೆ ಪೇಟೆಗೆ ಹೋಗಿ, ಅದೇ ಮಾದರಿಯ ಓಡುತ್ತಿರುವ ಬೈಕಿನ ಸಿ.ಡಿ.ಐ.ಯನ್ನು ತಾತ್ಕಾಲಿಕವಾಗಿ ಹಾಕಿ ತೋರಿಸಿ ಎಂದು ಕೇಳಿ. ಅದರಿಂದ ಸ್ಟಾರ್ಟ್ ಆದರೆ ಮಾತ್ರ ಹೊಸದಕ್ಕೆ ಹಣ ಕೊಡಿ.

ಪ್ರಶ್ನೆ: ಎರಡು ವರ್ಷ ಹಳೆಯ ಬಿ.ಎಸ್.6 (ಹೊಸ ಮಾಲಿನ್ಯ ನಿಯಮದ) ಬೈಕು, ಫ್ಯೂಯಲ್ ಇಂಜೆಕ್ಷನ್ (ಕಾರ್ಬುರೇಟರಿನ ಬದಲು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇದೆ, ಕಿಕ್ ಇಲ್ಲ. ಸೆಲ್ಫ್ ಒತ್ತಿದರೆ ಸೀಟಿನಡಿಯಿಂದ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬರುತ್ತದೆ. ಪಕ್ಕದ ಮನೆಯವರು ಹೇಳಿದಂತೆ ಇಳಿಜಾರಿನಲ್ಲಿ ತಳ್ಳಿ ಗೇರಿಗೆ ಹಾಕಿ ನೋಡಿದೆವು, ಆಗಲಿಲ್ಲ. ನಾನು ಶಾಲೆಗೆ ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡಿಸುತ್ತೇನೆ. ಇಂಜೆಕ್ಷನ್ ಕೆಟ್ಟಿರಬಹುದೇ?
— ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ತಾವು ಬರೆದ ಕೊನೆಯ ಎರಡು ವಾಕ್ಯಗಳ ನಡುವೆಯೇ ಉತ್ತರವಿದೆ. ಸೆಲ್ಫ್ ಸ್ಟಾರ್ಟಿಗೆ ಒಂದೇ ಸಲಕ್ಕೆ ಬೇಕಾಗುವಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸ್ ತುಂಬಲು ಎರಡು ಕಿಲೋಮೀಟರಿನ ಓಟ ಸಾಲದು. ಅಲಾರಂ ಅಥವಾ ಜಿ.ಪಿ.ಎಸ್. ಟ್ರ್ಯಾಕರನ್ನು ಹೊರಗಿನಿಂದ ಹಾಕಿಸಿದ್ದರೆ ಅವು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಎಳೆಯುತ್ತಿರುತ್ತವೆ. ಟಿಕ್ ಟಿಕ್ ಎನ್ನುತ್ತಿರುವುದು ಸ್ಟಾರ್ಟರ್ ರಿಲೇ, ಅಂದರೆ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್. ಅದಕ್ಕೆ ಬೇಕಾದಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿದೆ, ಮೋಟರನ್ನು ತಿರುಗಿಸುವಷ್ಟು ಉಳಿದಿಲ್ಲ. ಇಂಜೆಕ್ಷನ್ನಿನ ಮಾತು ಆಮೇಲೆ.

2020ರ ಏಪ್ರಿಲ್ 1ರಿಂದ ಬಿ.ಎಸ್.6 ನಿಯಮ ಬಂದ ಮೇಲೆ ಸಣ್ಣ ಬೈಕುಗಳಿಗೂ ಇಂಜೆಕ್ಷನ್ ಬಂದಿತು. ಅದರೊಂದಿಗೆ ಹಳೆಯ ಒಂದು ಅನುಕೂಲ ಕೈತಪ್ಪಿತು. ಕಾರ್ಬುರೇಟರಿಗೆ ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತಿತ್ತು, ಬ್ಯಾಟರಿ ಸತ್ತಿದ್ದರೂ ಬಹಳಷ್ಟು ಬೈಕುಗಳು ಕಿಕ್ಕಿಗೋ ತಳ್ಳಿದ್ದಕ್ಕೋ ಹತ್ತಿಕೊಳ್ಳುತ್ತಿದ್ದವು. ಈಗ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಡದಿಂದ ಇಂಜೆಕ್ಟರಿಗೆ ತಳ್ಳಬೇಕು, ಯಾವಾಗ ಎಷ್ಟು ಸಿಂಪಡಿಸಬೇಕೆಂದು ಇ.ಸಿ.ಯು. (ಎಂಜಿನ್ನಿನ ಪುಟ್ಟ ಕಂಪ್ಯೂಟರ್) ನಿರ್ಧರಿಸಬೇಕು, ಇವೆರಡಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಇಳಿದಿದ್ದಾಗ ಎಷ್ಟು ತಳ್ಳಿದರೂ ಫಲವಿಲ್ಲ. ಸ್ವಲ್ಪ ಉಳಿದಿದ್ದರೆ, ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ವೇಗ ಬಂದ ಮೇಲೆ ಬಿಟ್ಟಾಗ ಹತ್ತಿಕೊಳ್ಳುವುದುಂಟು.

ಮಲ್ಟಿಮೀಟರ್ ಸಿಕ್ಕರೆ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದು ನೋಡಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ನಿಂತಾಗ 12.6 ತೋರಿಸಿ, ಸೆಲ್ಫ್ ಒತ್ತಿದೊಡನೆ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯುಷ್ಯ ಮುಗಿದಿರಬಹುದು. ಬ್ಯಾಟರಿಯಲ್ಲಿ ವೋಲ್ಟೇಜ್ ಗಟ್ಟಿಯಾಗಿಯೇ ನಿಂತು ಮೋಟರ್ ಮಾತ್ರ ತಿರುಗದಿದ್ದರೆ ಟರ್ಮಿನಲ್ ಸ್ಕ್ರೂ ಸಡಿಲವಾಗಿದೆಯೇ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಬೇಕು. ಆ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಮೊದಲು ಪಾಸಿಟಿವ್. ಮೀಟರ್ ಇಲ್ಲದವರು ಹಾರನ್ ಒತ್ತಿ ನೋಡಿದರೂ ಆದೀತು; ಗಂಟಲು ಕಟ್ಟಿದಂತೆ ಕೇಳಿಸಿದರೆ ಬ್ಯಾಟರಿಯೇ.

ಬ್ಯಾಟರಿಯನ್ನು ಬಿಚ್ಚಿ ನಿಧಾನವಾಗಿ ಚಾರ್ಜ್ ಮಾಡಿಸಿ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರಿನಷ್ಟು ಸಾಕು. ಲಾರಿ ಬ್ಯಾಟರಿಯ ಚಾರ್ಜರಿಗೆ ಹಾಕಿ ಅರ್ಧ ಗಂಟೆಯಲ್ಲಿ ಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ. ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡುವುದಾದರೆ ಕಾರಿನ ಎಂಜಿನ್ ಆರಿರಬೇಕು. ಸ್ಟಾರ್ಟ್ ಆದ ಮೇಲೆ ಎಂಜಿನ್ನಿಗೆ ತುಸು ಆಕ್ಸಿಲರೇಟರ್ ಕೊಟ್ಟು ಬ್ಯಾಟರಿಯಲ್ಲಿ ಮತ್ತೆ ಅಳೆಯಿರಿ. 13.5ರಿಂದ 14.5 ವೋಲ್ಟ್ ಬರುತ್ತಿದ್ದರೆ ಚಾರ್ಜಿಂಗ್ ಸರಿಯಿದೆ, ವಾರಕ್ಕೊಮ್ಮೆ ಅರ್ಧ ಗಂಟೆ ದೂರದ ರಸ್ತೆಯಲ್ಲಿ ಓಡಿಸಿ. ಬರುತ್ತಿಲ್ಲವಾದರೆ ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿಯುತ್ತದೆ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲನ್ನು ಅಥವಾ ಅದನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ರೆಕ್ಟಿಫೈಯರನ್ನು ಪರೀಕ್ಷಿಸಬೇಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದಾಗಲೇ ಇಂಜೆಕ್ಷನ್ನಿನ ಕಡೆ ನೋಡಬೇಕು. ಕೀ ಆನ್ ಮಾಡಿದೊಡನೆ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಝುಂಯ್ ಎಂಬ ಸದ್ದು ಕೇಳಿಸಬೇಕು, ಅದು ಪಂಪು. ಕೇಳಿಸದಿದ್ದರೆ ಹ್ಯಾಂಡಲಿನ ಕೆಂಪು ಕಿಲ್ ಸ್ವಿಚ್, ನಂತರ ಫ್ಯೂಸ್ ನೋಡಿ. ಗಾಡಿ ಒಮ್ಮೆ ಬಿದ್ದು ಎದ್ದಿದ್ದರೆ ಒಳಗಿನ ಸೆನ್ಸರ್ ಎಂಜಿನ್ನನ್ನು ತಡೆದಿರುತ್ತದೆ; ನೇರ ನಿಲ್ಲಿಸಿ ಕೀಯನ್ನು ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿನಲ್ಲಿ ಕೆಸರು ತುಂಬಿದಾಗ, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಎಂದೇ ಗಾಡಿ ತಿಳಿಯುತ್ತದೆ.

ಪ್ರಶ್ನೆ: ಮಳೆ ಬಂದ ಸಂಜೆ ಅಂಡರ್‌ಪಾಸಿನ ನೀರಿನಲ್ಲಿ ಬೈಕು ನಿಂತುಹೋಯಿತು. ನೀರು ಸೀಟಿನ ಹತ್ತಿರದವರೆಗೆ ಇತ್ತು. ತಳ್ಳಿಕೊಂಡು ಬಂದು ಮನೆಯಲ್ಲಿ ನಿಲ್ಲಿಸಿದ್ದೇನೆ. ಒಣಗಿದ ಮೇಲೆ ಸೆಲ್ಫ್ ಒತ್ತಿ ನೋಡಲೇ?
— ಬೆಂಗಳೂರು

ಉತ್ತರ: ದಯವಿಟ್ಟು ಒತ್ತಬೇಡಿ. ಹೊರಗೆ ಒಣಗಿತೆಂದರೆ ಒಳಗೂ ಒಣಗಿತೆಂದಲ್ಲ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಲ್ಲದು, ನೀರನ್ನು ಕುಗ್ಗಿಸಲಾರದು. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಬಳಿಕದ ಖರ್ಚು ಎಂಜಿನ್ ಬಿಚ್ಚುವ ಖರ್ಚು. ವಿಮೆಯಿದೆಯೆಂದು ಧೈರ್ಯ ಮಾಡುವಂತೆಯೂ ಇಲ್ಲ. ನಮ್ಮಲ್ಲಿ ಸಾಮಾನ್ಯ ವಾಹನ ವಿಮೆ ಪರಿಣಾಮವಾಗಿ ಉಂಟಾದ ಹಾನಿಯನ್ನು ಹೊರಗಿಡುತ್ತದೆ. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ಅದರಡಿ ಸೇರಿಸಿ ನಿರಾಕರಿಸುವುದು ರೂಢಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪ್ಲಗ್ ತೆಗೆಯಿರಿ. ಏರ್ ಫಿಲ್ಟರ್ ಪೆಟ್ಟಿಗೆ ತೆರೆದು ಫಿಲ್ಟರನ್ನು ಹೊರಗಿಟ್ಟು, ಪೆಟ್ಟಿಗೆಯ ಅಡಿಯ ರಬ್ಬರ್ ನಳಿಕೆಯಿಂದ ನೀರು ಇಳಿಸಿ. ಫಿಲ್ಟರ್ ಒಣಗಿದ್ದರೆ ಸಮಾಧಾನಪಡಬಹುದು, ನೀರು ಎಂಜಿನ್ನಿನ ಬಾಯಿಯವರೆಗೆ ಹೋಗಿಲ್ಲ. ಒದ್ದೆಯಾಗಿದ್ದರೆ, ಕೀ ಆಫ್ ಇರುವಂತೆಯೇ, ಮೇಲಿನ ಗೇರಿನಲ್ಲಿ ಬೈಕನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಾಗ ಪಿಸ್ಟನ್ ಚಲಿಸಿ ಪ್ಲಗ್ ರಂಧ್ರದಿಂದ ನೀರು ಹೊರಚಿಮ್ಮುತ್ತದೆ. ಆ ಕಡೆ ಮುಖ ಒಡ್ಡಬೇಡಿ. ಆಯಿಲ್ ಕಿಂಡಿಯಲ್ಲಿ ಅಥವಾ ಆಯಿಲ್ ಅಳೆಯುವ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ, ಸ್ಟಾರ್ಟ್ ಮಾಡುವ ಮೊದಲೇ ಬದಲಿಸಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಬೇಕು, ಮೊದಲ ಸಲಕ್ಕೆ ಎಲ್ಲ ನೀರೂ ಹೊರಬರುವುದಿಲ್ಲ. ಸೈಲೆನ್ಸರಿನ ನೀರು ಇಳಿಯಲು ಮುಂದಿನ ಚಕ್ರವನ್ನು ಎತ್ತರದ ಕಡೆಗೆ ನಿಲ್ಲಿಸಿದರಾಯಿತು. ಇಷ್ಟರ ನಂತರ ಒಣ ಪ್ಲಗ್, ಒಣ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿ.

ಪ್ರಶ್ನೆ: ನನ್ನ ಹಳೆಯ 125 ಸಿಸಿ ಬೈಕು ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ತಾನಾಗಿ ಆರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಏನೂ ಆಗದಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದಾಗ ಚೆನ್ನಾಗಿಯೇ ಇರುತ್ತದೆ. ಕಾರ್ಬುರೇಟರ್, ಪ್ಲಗ್ ಎರಡೂ ಬದಲಾದವು.
— ಕಲಬುರಗಿ

ಉತ್ತರ: ಕೆಟ್ಟಿರುವ ಹೊತ್ತಿನಲ್ಲಿ ಪರೀಕ್ಷಿಸದೆ, ಸರಿಯಿರುವ ಹೊತ್ತಿನಲ್ಲಿ ಗ್ಯಾರೇಜಿಗೆ ತೋರಿಸಿದರೆ ಯಾವ ಮೆಕ್ಯಾನಿಕ್ಕಿಗೂ ಊಹೆಯ ಹೊರತು ದಾರಿಯಿಲ್ಲ. ಮುಂದಿನ ಸಲ ರಸ್ತೆಯಲ್ಲಿ ಆರಿದಾಗ ಅಲ್ಲಿಯೇ, ಆ ಕ್ಷಣದಲ್ಲಿಯೇ, ಮಾಡಬೇಕಾದ ಪರೀಕ್ಷೆಗಳಿವೆ; ಅದಕ್ಕಾಗಿ ಪ್ಲಗ್ ಸ್ಪ್ಯಾನರ್ ಮತ್ತು ಒಂದು ದಪ್ಪ ಬಟ್ಟೆ ಜೊತೆಗಿರಲಿ.

ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳನುಗ್ಗುವ ಸದ್ದು ಬಂದು, ಮುಚ್ಚಳ ಸಡಿಲಿಸಿದ ಮೇಲೆ ಬೈಕು ಸ್ಟಾರ್ಟ್ ಆದರೆ, ಮುಚ್ಚಳದಲ್ಲಿರುವ ಗಾಳಿಕಿಂಡಿ ಧೂಳಿನಿಂದ ಮುಚ್ಚಿದೆ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಸೇರಬೇಕು. ಸೇರದಿದ್ದರೆ ಕ್ರಮೇಣ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಅರ್ಧ ಗಂಟೆ ನಿಲ್ಲಿಸಿದಾಗ ಸರಿಹೋಗುತ್ತಿರುವುದು ಎಂಜಿನ್ ತಣಿದಿದ್ದರಿಂದಲ್ಲ, ಅಷ್ಟರಲ್ಲಿ ಗಾಳಿ ನುಸುಳಿ ಸೇರಿದ್ದರಿಂದ. ಒಂದು ಸಣ್ಣ ತಂತಿ ಮತ್ತು ಸೈಕಲ್ ಪಂಪಿನ ಗಾಳಿ ಇದಕ್ಕೆ ಸಾಕು.

ಅದಲ್ಲವಾದರೆ ಬಿಸಿ ಎಂಜಿನ್ನಿನಲ್ಲೇ ಕಿಡಿ ನೋಡಿ, ಕೈ ಸುಟ್ಟುಕೊಳ್ಳದಂತೆ. ತಣ್ಣಗಿದ್ದಾಗ ಬರುವ ಕಿಡಿ ಬಿಸಿಯಾದಾಗ ಬರುತ್ತಿಲ್ಲವೆಂದರೆ ಇಗ್ನಿಷನ್ ಕಾಯಿಲ್ ಅಥವಾ ಮ್ಯಾಗ್ನೆಟಿನ ಬಳಿ ಕೂತು ಕಿಡಿಯ ಗಳಿಗೆ ತಿಳಿಸುವ ಪಲ್ಸರ್ ಕಾಯಿಲ್ ಮೇಲೆ ಗುಮಾನಿ. ಕಾಯಿಲಿನ ಒಳಗಿನ ತಂತಿ ಎಲ್ಲೋ ಸೂಕ್ಷ್ಮವಾಗಿ ತುಂಡಾಗಿದ್ದು, ಕಾವಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಇದನ್ನು ಬಿಸಿಯಿರುವಾಗಲೇ ಮೀಟರಿನಿಂದ ಅಳೆಯಬೇಕು. ತಣ್ಣಗಿರುವಾಗ ಅಳೆದು ಸರಿಯಿದೆ ಎನ್ನುವ ವರದಿಗೆ ಬೆಲೆಯಿಲ್ಲ.

ಮುಚ್ಚಳವೂ ಸರಿ, ಕಿಡಿಯೂ ಸರಿ, ಆದರೆ ಕಿಕ್ ಹೊಡೆಯುವಾಗ ಬೆಳಗಿನ ಬಿಗಿ ಇಲ್ಲದೆ ಪೆಡಲು ಹಗುರವಾಗಿ ಇಳಿಯುತ್ತಿದೆ ಎಂದಾದರೆ ವಾಲ್ವನ್ನು ಒತ್ತುವ ಟ್ಯಾಪೆಟ್ ಬಿಗಿಯಾಗಿದೆ. ವಾಲ್ವಿನ ಮೇಲ್ಗಡೆ ಬಿಡಬೇಕಾದ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೋ ಅದಕ್ಕೂ ಕಡಿಮೆಯೋ ಇರುತ್ತದೆ. ಅದೂ ಇಲ್ಲದಂತೆ ಹೊಂದಿಸಿದ್ದರೆ, ಕಾವಿಗೆ ವಾಲ್ವ್ ಉದ್ದವಾದಾಗ ಪೂರ್ತಿ ಮುಚ್ಚಿಕೊಳ್ಳಲಾಗದೆ ಒತ್ತಡ ಸೋರುತ್ತದೆ. ಟ್ಯಾಪೆಟ್ ಸದ್ದು ಮಾಡುತ್ತಿದೆಯೆಂದು ಯಾರಾದರೂ ಈಚೆಗೆ ಬಿಗಿಸಿಕೊಟ್ಟಿದ್ದಾರೆಯೇ ನೆನಪಿಸಿಕೊಳ್ಳಿ. ಸದ್ದೇ ಬಾರದಂತೆ ಮಾಡಿಕೊಡುವುದು ಗಿರಾಕಿಗೆ ಹಿತವಾಗಿ ಕೇಳಿಸುತ್ತದೆ, ವಾಲ್ವನ್ನು ಸುಡುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕೈಪಿಡಿಯಲ್ಲಿ ಹೇಳಿದ ಸಂದಿಗೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟೇ ಹೊಂದಿಸಬೇಕು, ಕಿವಿಯಿಂದಲ್ಲ.

ಪ್ರಶ್ನೆ: ಸ್ಟಾರ್ಟ್ ಆಗದಿದ್ದಾಗ ಚೋಕ್ ಎಳೆದು, ಆಕ್ಸಿಲರೇಟರ್ ತಿರುಚುತ್ತಾ ಕಿಕ್ ಹೊಡೆಯುತ್ತೇನೆ. ಪೆಟ್ರೋಲ್ ವಾಸನೆ ಬರುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ.
— ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಓವರ್‌ಫ್ಲೋ ಆಗಿದೆ, ಅಂದರೆ ಸಿಲಿಂಡರಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ನುಗ್ಗಿದೆ. ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ತಣ್ಣಗಿನ ಎಂಜಿನ್ನಿಗೆ ಬೇಕು, ಆದರೆ ಚೋಕ್ ಇದ್ದಾಗ ಆಕ್ಸಿಲರೇಟರ್ ಮುಟ್ಟಬಾರದು. ಬಿಸಿ ಎಂಜಿನ್ನಿಗೆ ಚೋಕ್ ಬೇಡವೇ ಬೇಡ. ಈಗ ಚೋಕ್ ಇಳಿಸಿ, ಪೆಟ್ರೋಲ್ ಟ್ಯಾಪ್ ಮುಚ್ಚಿ, ಕೀ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು ಏಳೆಂಟು ಸಲ ಕಿಕ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಹೋಗುತ್ತದೆ. ಪ್ಲಗ್ ಬಿಚ್ಚಿ ಒಣಗಿಸಿ ಹಾಕಿ, ಟ್ಯಾಪ್ ಮತ್ತು ಕೀ ಆನ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಏನೂ ಮಾಡದಿದ್ದರೂ ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಒಳಗಿನ ಫ್ಲೋಟ್ ಅಥವಾ ನೀಡಲ್ ಸವೆದಿದೆ.

ಪ್ರಶ್ನೆ: ನಮ್ಮ ತಾತನವರ ಯೆಜ್ಡಿ ಹಲವು ವರ್ಷಗಳಿಂದ ಹಿತ್ತಲಿನಲ್ಲಿ ನಿಂತಿದೆ. ಅದು ಇದೇ ಊರಿನಲ್ಲಿ ತಯಾರಾದ ಗಾಡಿ, ಮಾರಲು ಮನಸ್ಸಿಲ್ಲ. ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಆದೀತೇ, ಅಥವಾ ಮೊದಲು ಏನಾದರೂ ಮಾಡಬೇಕೇ?
— ಮೈಸೂರು

ಉತ್ತರ: ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಂದರೆ ನಿಮ್ಮ ಗಾಡಿಯ ಒಳಗಿರುವ ರಬ್ಬರೆಲ್ಲ ಮೂವತ್ತು ವರ್ಷದ ಆಸುಪಾಸಿನದೋ ಅದಕ್ಕಿಂತ ಹಳೆಯದೋ ಆಗಿರುತ್ತದೆ. ಆದ್ದರಿಂದ ನೇರವಾಗಿ ಕಿಕ್ ಹೊಡೆಯಬೇಡಿ.

ಮೊದಲು ಪ್ಲಗ್ ತೆಗೆದು ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಕಿಕ್ಕನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿ. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದಾಗ ಅದು ಕಿಕ್ ಆಗುತ್ತದೆ. ಆ ಜೋಡಣೆ ಜಿಡ್ಡುಗಟ್ಟಿದ್ದರೆ ಬಲವಂತ ಮಾಡದೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಪಿಸ್ಟನ್ ಸರಾಗವಾಗಿ ಚಲಿಸಿದ ಮೇಲೆ ಟ್ಯಾಂಕಿನ ಕಡೆಗೆ ಗಮನ ಕೊಡಿ. ಟಾರ್ಚ್ ಹಾಕಿ ಒಳಗೆ ನೋಡಿದರೆ ತುಕ್ಕು ಕಾಣುತ್ತದೆ. ಅದನ್ನು ತೊಳೆಸದೆ ಪೆಟ್ರೋಲ್ ಹಾಕಿದರೆ ಅಷ್ಟೂ ಕಾರ್ಬುರೇಟರಿಗೆ ಇಳಿಯುತ್ತದೆ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್, ಕಾರ್ಬುರೇಟರ್ ಗ್ಯಾಸ್ಕೆಟ್ಟುಗಳನ್ನು ಹೊಸದು ಮಾಡಿಸಿ, ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ತಾಳುವುದಿಲ್ಲ.

ಇನ್ನು ಕಿಡಿ. ಹೆಚ್ಚಿನ ಯೆಜ್ಡಿಗಳಲ್ಲಿ ಸಿ.ಡಿ.ಐ. ಇಲ್ಲ, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹಾರಿಸುವ ಸ್ವಿಚ್), ಕಂಡೆನ್ಸರ್ (ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಭಾಗ), ಕಾಯಿಲ್, ಬ್ಯಾಟರಿ ಇಷ್ಟೇ. ಬ್ಯಾಟರಿ ಸತ್ತಿದ್ದರೆ ಕಿಡಿಯನ್ನು ನಿರೀಕ್ಷಿಸಬೇಡಿ, ಮೊದಲು ಒಳ್ಳೆಯ ಬ್ಯಾಟರಿ ಜೋಡಿಸಬೇಕು. ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಎಂದು ಖಚಿತಪಡಿಸಿಕೊಂಡೇ ತನ್ನಿ. ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟ್ ಕಾಣುತ್ತದೆ. ಅದರ ಎರಡು ಮುಖಗಳ ಮೇಲೆ ಬೂದು ಪೊರೆ ಬೆಳೆದಿರುತ್ತದೆ. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ತೆರೆದಾಗ ಸಂದು 0.4 ಮಿಲಿಮೀಟರ್ ಇರುವಂತೆ ಹೊಂದಿಸಬೇಕು. ಪಾಯಿಂಟಿನ ಬಾಯಲ್ಲೇ ದೊಡ್ಡ ಕಿಡಿ ಹಾರಿ ಪ್ಲಗ್ಗಿನಲ್ಲಿ ಸಣ್ಣದಾಗಿ ಬಂದರೆ ಕಂಡೆನ್ಸರ್ ಹೋಗಿದೆ.

ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆಂದೇ ಇರುವ ಆಯಿಲ್) ಬೆರೆಸಿಯೇ ಹಾಕಬೇಕು ಎಂಬುದನ್ನು ಈಗಿನ ತಲೆಮಾರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಗೇರ್ ಬಾಕ್ಸಿನ ಆಯಿಲ್ ಬೇರೆ, ಅದನ್ನೂ ಬದಲಿಸಿ. ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದು, ಸ್ಟಾರ್ಟ್ ಆದರೂ ತಡೆಯಿಲ್ಲದೆ ಆರ್‌ಪಿಎಂ ಏರುತ್ತಿದ್ದರೆ ಅಥವಾ ಬಿಳಿಹೊಗೆ ನಿಲ್ಲದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಸೀಳಿವೆ. ಆ ಕೆಲಸಕ್ಕೆ ಎಂಜಿನ್ ಇಳಿಸಬೇಕು. ಯೆಜ್ಡಿಯನ್ನೇ ಬಿಚ್ಚಿ ಕಟ್ಟಿ ವಯಸ್ಸಾದ ಮೆಕ್ಯಾನಿಕ್ಕುಗಳು ನಿಮ್ಮ ಊರಿನಲ್ಲಿ ಇನ್ನೂ ಇದ್ದಾರೆ, ಅಂಥವರಿಗೇ ಒಪ್ಪಿಸಿ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ, ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಬರುತ್ತೇನೆ. ಪ್ರತಿ ಸಲವೂ ರಜೆಯ ಮೊದಲ ವಾರ ಬೈಕನ್ನು ಸ್ಟಾರ್ಟ್ ಮಾಡಿಸುವುದರಲ್ಲೇ ಕಳೆಯುತ್ತದೆ. ಅಪ್ಪ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ, ಆದರೂ ಹೀಗೆ. ಕಾರ್ಬುರೇಟರ್ ಬೈಕು.
— ಉಡುಪಿ ಮೂಲದ ಓದುಗರು

ಉತ್ತರ: ತಮ್ಮ ತಂದೆಯವರ ಕಾಳಜಿ ದೊಡ್ಡದು, ಆದರೆ ಆ ಎರಡು ನಿಮಿಷ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಿದೆ. ಸೆಲ್ಫ್ ಎಳೆದಷ್ಟು ಕರೆಂಟ್ ಅಷ್ಟರಲ್ಲಿ ಮರಳಿ ತುಂಬುವುದಿಲ್ಲ, ಎಂಜಿನ್ ಬಿಸಿಯಾಗುವ ಮೊದಲೇ ಆರಿಸುವುದರಿಂದ ಸೈಲೆನ್ಸರಿನೊಳಗೆ ನೀರಿನ ಹನಿ ಕಟ್ಟಿ ತುಕ್ಕು ಹಿಡಿಯುತ್ತದೆ. ಅವರು ಬೈಕನ್ನು ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಬಲ್ಲರಾದರೆ ಓಡಿಸಲಿ, ಇಲ್ಲವಾದರೆ ಮುಟ್ಟದೆ ಬಿಡುವುದೇ ಲೇಸು.

ಹೊರಡುವ ಮುನ್ನ ಪೆಟ್ರೋಲ್ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ನಡೆಯಬಿಟ್ಟು, ಕಾರ್ಬುರೇಟರಿನ ಡ್ರೈನ್ ಸ್ಕ್ರೂ ತೆರೆದು ಉಳಿದದ್ದನ್ನೂ ಹರಿಸಿ. ಹನ್ನೊಂದು ತಿಂಗಳು ಆ ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಆವಿಯಾಗಿ, ಉಳಿದ ಅಂಟು ಜೆಟ್ಟುಗಳನ್ನು ಮುಚ್ಚುತ್ತದೆ. ನಿಮ್ಮ ರಜೆಯ ಮೊದಲ ವಾರವನ್ನು ತಿನ್ನುತ್ತಿರುವುದು ಬಹುಶಃ ಅದೇ. ಟ್ಯಾಂಕಿನ ಪೆಟ್ರೋಲನ್ನೂ ತೆಗೆದು ಮನೆಯ ಬೇರೆ ಬೈಕಿಗೆ ಹಾಕಿಬಿಡಿ. ಎಥನಾಲ್ ಬೆರೆತ ಪೆಟ್ರೋಲನ್ನು ಕರಾವಳಿಯ ತೇವದಲ್ಲಿ ಅಷ್ಟು ಕಾಲ ಇಡಬಾರದು. ಖಾಲಿ ಟ್ಯಾಂಕಿನ ಒಳಮೈಗೆ ಸ್ವಲ್ಪ ಎಂಜಿನ್ ಆಯಿಲ್ ಬಳಿದಂತೆ ಅಲ್ಲಾಡಿಸಿಟ್ಟರೆ ತುಕ್ಕು ತಡೆಯುತ್ತದೆ, ಬಂದ ಮೇಲೆ ಪೆಟ್ರೋಲಿನಿಂದ ಜಾಲಾಡಿ ತೆಗೆಯಬೇಕು. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಇಟ್ಟು, ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಲು ತಂದೆಯವರಿಗೆ ಹೇಳಿ. ಉಪ್ಪುಗಾಳಿ ತಾಗುವ ಕಡೆ ಕಪ್ಲರುಗಳಿಗೆ, ಪ್ಲಗ್ ಕ್ಯಾಪಿನ ಅಂಚಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದರೊಳಗೆ ಬೆವರು ನಿಲ್ಲುತ್ತದೆ. ಹಳೆಯ ಹತ್ತಿಯ ಹೊದಿಕೆ ಸಾಕು. ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರ್ ನಳಿಕೆಗೂ ಬಟ್ಟೆಯ ಉಂಡೆ ತುರುಕಿದರೆ ಇಲಿ ಗೂಡು ಕಟ್ಟುವುದಿಲ್ಲ. ಸ್ಟಾರ್ಟ್ ಮಾಡುವ ಮುನ್ನ ಅವುಗಳನ್ನು ತೆಗೆಯಬೇಕೆಂದು ಒಂದು ಚೀಟಿ ಬರೆದು ಕೀಗೆ ಕಟ್ಟಿ, ಸೀಟು ತೆಗೆದು ವೈರುಗಳನ್ನು ಇಲಿ ಕಡಿದಿದೆಯೇ ಎಂದು ನೋಡಿದ ನಂತರವೇ ಬ್ಯಾಟರಿ ಜೋಡಿಸಿ.